ಹೇಸರಗತ್ತೆಗಳಿಗೆ ಬಿದ್ದ ವನ್ಸ್‌ಮೋರ್

ಡೊಂಬಿವಲಿಯ ಹಳೆಯ ಕನ್ನಡಿಗರು ಯಾರಾದರೂ ಎದುರಾಗಿ, "ಮಾಸ್ಟ್ರೆ, ನಿಮ್ಮ ಆ ದಕ್ಷಿಣ ಅಮೆರಿಕದ ನಾಟಕ! ಎಂಥ ಚಪ್ಪಾಳೆ ಮಾರಾಯ್ರೆ ಅದು!" ಎಂದು ಶುರು ಮಾಡಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅದು ನಾಚಿಕೆ. ಆ ಚಪ್ಪಾಳೆ ಹೇಗೆ ಬಿತ್ತು, ಯಾರು ಯಾರು ಹೊಡೆದರು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ತುರ್ತು ಪರಿಸ್ಥಿತಿ ಬಂದ ವರ್ಷ. ಮಳೆಗಾಲ ಮುಗಿದಿತ್ತು. ನನ್ನ ಕಸುಬು ನಾಟಕ ಕಲಿಸುವುದು. ಮುಂಬಯಿಯ ಹೊರವಲಯದಲ್ಲಿ, ಕಲ್ಯಾಣದಿಂದ ಥಾಣೆಯವರೆಗೆ ಕನ್ನಡ ಸಂಘಗಳಿಗೆ, ಕಾರ್ಖಾನೆಯ ಕ್ಯಾಂಟೀನು ತಂಡಗಳಿಗೆ ವಾರ್ಷಿಕೋತ್ಸವದ ಹೊತ್ತಿಗೆ ನಾಟಕ ಕಟ್ಟಿಕೊಡುತ್ತಿದ್ದೆ. ನಾಟಕ ಬರೆಯುವವನೂ ನಾನೇ, ತಾಲೀಮು ಮಾಡಿಸುವವನೂ ನಾನೇ, ಆಟದ ದಿನ ಪರದೆಯ ಮಗ್ಗುಲಲ್ಲಿ ನಿಂತು ಮಾತು ಎತ್ತಿಕೊಡುವ ಪ್ರಾಂಪ್ಟರನೂ ನಾನೇ. ಎಲ್ಲವೂ ನಮ್ಮ ಕಡೆಯ ವೃತ್ತಿ ಕಂಪನಿಯೊಂದರಲ್ಲಿ ಕಲಿತ ವಿದ್ಯೆ.

ಡೊಂಬಿವಲಿಯ ಸಂಘವನ್ನು ನಡೆಸುತ್ತಿದ್ದವರು ಸ್ಟೇಶನ್ ಹತ್ತಿರದ ಒಬ್ಬ ಹೋಟೆಲ್ ಯಜಮಾನರು, ಉಡುಪಿ ಕಡೆಯವರು. ಅವರಿಗೆ ಕತ್ತಿ ಇರುವ ನಾಟಕವೇ ಬೇಕು. ಆದರೆ ಕತ್ತಿ ಹಿಡಿಯುವವರು ಯಾರು ಎಂಬಲ್ಲಿ ಬಂದು ಮಾತು ನಿಂತಿತು. ಚಾಲುಕ್ಯರ ಕಥೆ ಎಂದೆ.

"ಬೇಡ ಮಾಸ್ಟ್ರೆ. ಕನ್ನಡದ ರಾಜ ಇಲ್ಲಿ ಬಂದು ಗೆದ್ದರೆ ನಾಳೆ ನನ್ನ ಹೋಟ್ಲಿನ ಗಾಜು ಇರ್ತದಾ? ಹಿಂದೆ ಒಮ್ಮೆ ಬಿದ್ದ ಕಲ್ಲಿನ ಸದ್ದು ಇನ್ನೂ ಕಿವಿಯಲ್ಲಿ ಉಂಟು."

ಹಾಗಾದರೆ ಸ್ವಾತಂತ್ರ್ಯ ಹೋರಾಟ ಎಂದೆ.

"ಈ ಟೈಮಲ್ಲಿ ಹೋರಾಟವಾ? ಖಾಲಿಪೀಲಿ ಲಫಡಾ ಯಾಕೆ? ಇಲ್ಲಿ ಯಾರಿಗೂ ನೆಂಟರಿಲ್ಲದ ಒಂದು ದೇಶ ಹುಡುಕಿ. ಅಲ್ಲಿಯವರು ಏನು ಬೇಕಾದ್ರೂ ಹೊಡೆದಾಡಿಕೊಳ್ಳಲಿ."

ನೆಂಟರಿಲ್ಲದ ದೇಶವನ್ನು ನಾನು ಕಲ್ಯಾಣದ ಹಳೆ ಪುಸ್ತಕದಂಗಡಿಯಲ್ಲಿ ಹುಡುಕಿದೆ. ಹರಿದ ಅಟ್ಲಾಸೂ ರಟ್ಟಿಲ್ಲದ ಒಂದು ಇಂಗ್ಲಿಷ್ ಚರಿತ್ರೆಯೂ ಸಿಕ್ಕಿದವು. ದಕ್ಷಿಣ ಅಮೆರಿಕದ ವಸಾಹತುಗಳು ಸ್ಪೇನಿನ ರಾಜನ ಮೇಲೆ ದಂಗೆ ಎದ್ದು ಗೆದ್ದವು, ಗೆದ್ದ ಮೇಲೆ ತಮ್ಮತಮ್ಮಲ್ಲೇ ಮುರಿದುಕೊಂಡು ಒಂಬತ್ತು ಹತ್ತು ದೇಶಗಳಾದವು ಎಂದು ಓದಿದೆ. ಓದಿ ಸಿಟ್ಟು ಬಂತು. ಕನ್ನಡ ಸಂಘಗಳ ಜಗಳ ಕಂಡವನಿಗೆ ಬರುವ ಸಿಟ್ಟು ಅದು. ಬಂದರಿನವರೂ ಬೆಟ್ಟದವರೂ ಮೊದಲೇ ಕೂತು ಒಂದು ಮಾತಿಗೆ ಬಂದಿದ್ದರೆ? ಪೋರ್ಚುಗೀಸರ ಕೈಕೆಳಗಿದ್ದವರೂ ಅವರ ಜೊತೆ ಸೇರಿದ್ದರೆ? ಮೇಲಿನ ಬೆಚ್ಚನೆಯ ಕಡಲಿನಿಂದ ಕೆಳಗಿನ ಹಿಮದ ತುದಿಯವರೆಗೆ ಒಂದೇ ಗಣರಾಜ್ಯ ಆಗಿದ್ದರೆ? ನಡೆದ ಚರಿತ್ರೆ ಬರೆದರೆ ತಪ್ಪು ಹುಡುಕಲು ಹತ್ತು ಜನ ಬರುತ್ತಾರೆ. ನಡೆಯದ್ದಕ್ಕೆ ಸಾಕ್ಷಿ ಕೇಳುವವರು ಯಾರು?

ಕಥೆ ಬೇಗ ಕೂಡಿಬಂತು. ಎಲ್ಲ ವಸಾಹತುಗಳ ದಂಗೆಕೋರರು ಸೇರಿ ಸೈನ್ಯ ಕಟ್ಟುತ್ತಾರೆ. ಬಂದರಿನ ಸೇನಾಪತಿಯೂ ಬೆಳ್ಳಿ ಗಣಿಯ ಬಂಡಾಯಗಾರನೂ ಜೊತೆಯಾಗಿ ಆಂಡೀಸ್ ಬೆಟ್ಟ ದಾಟುತ್ತಾರೆ. ಗಣರಾಜ್ಯ ಹುಟ್ಟುತ್ತದೆ. ಸೇನಾಪತಿ ರಾಷ್ಟ್ರಾಧ್ಯಕ್ಷನಾಗುತ್ತಾನೆ. ಶತ್ರುವಿನ ಹಡಗುಗಳು ಕಡಲಲ್ಲಿ ಕಾಣುತ್ತಿವೆ ಎಂಬ ಕಾರಣ ಹೇಳಿ ಸಭೆಯನ್ನು ಮುಚ್ಚುತ್ತಾನೆ, ಪ್ರಶ್ನೆ ಕೇಳಿದ ಬಂಡಾಯಗಾರನನ್ನು ಸೆರೆಗೆ ಹಾಕುತ್ತಾನೆ. ಕೊನೆಯ ದೃಶ್ಯದಲ್ಲಿ ಬಂಡಾಯಗಾರ ಸೆರೆಮನೆಯ ಕಂಬಿ ಹಿಡಿದು ಮಾತಾಡುತ್ತಾನೆ. ಆ ಮಾತಿಗಾಗಿಯೇ ಇಡೀ ನಾಟಕ.

ರಾಷ್ಟ್ರಾಧ್ಯಕ್ಷನ ಪಾತ್ರಕ್ಕೆ ಸಿಕ್ಕವರು ಒಬ್ಬ ಬ್ಯಾಂಕ್ ಗುಮಾಸ್ತರು. ಕುಂದಾಪುರದ ಕಡೆಯವರು, ದಿನಾ ಫಾಸ್ಟ್ ಲೋಕಲ್ ಹಿಡಿದು ಮುಂಬಯಿಯ ಕೋಟೆ ಭಾಗಕ್ಕೆ ಹೋಗಿಬರುವವರು, ಎತ್ತರದ ಆಳು, ಗಂಟೆಯಂಥ ಕಂಠ. ಬಂಡಾಯಗಾರನಾದವನು ವಿಜಾಪುರ ಕಡೆಯ ಯುವಕ, ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಮಶೀನ್ ಆಪರೇಟರ್. ಅವನ ಉಗುರಿನ ಸಂದಿಯ ನೀಲಿ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಕರಾವಳಿಯವರು ಬಂದರಿನ ಪಾತ್ರಗಳನ್ನು ತಮ್ಮ ಕನ್ನಡದಲ್ಲೇ ಆಡಲಿ, ಬಯಲುಸೀಮೆಯವರು ಬೆಟ್ಟದ ಪಾತ್ರಗಳನ್ನು ತಮ್ಮ ಕನ್ನಡದಲ್ಲಿ ಆಡಲಿ ಎಂದು ನಾನು ಹೇಳಿದಾಗ ಸಂಘದಲ್ಲಿ ಒಂದು ಗುಸುಗುಸು ಎದ್ದು ಅಡಗಿತು. ಅದು ನನ್ನ ಹೆಮ್ಮೆಯ ಉಪಾಯವಾಗಿತ್ತು.

ತಾಲೀಮು ಭಾನುವಾರ ಮಧ್ಯಾಹ್ನ, ಒಂದು ಶಾಲೆಯ ಕೋಣೆಯಲ್ಲಿ. ಬೆಂಚುಗಳನ್ನು ಒಂದರ ಮೇಲೊಂದು ಏರಿಸಿ ಆಂಡೀಸ್ ಮಾಡಿದೆವು. ವೇಷಭೂಷಣ ಬಾಡಿಗೆಗೆ ಕೊಡುವವನ ಹತ್ತಿರ ಮೊಗಲರಿದ್ದರು, ಶಿವಾಜಿಯ ಮಾವಳೆಗಳಿದ್ದರು, ದಕ್ಷಿಣ ಅಮೆರಿಕದವರು ಇರಲಿಲ್ಲ. ಕೊನೆಗೆ ಕಲ್ಯಾಣದ ಮದುವೆ ಬ್ಯಾಂಡಿನವರ ಕೆಂಪು ಕೋಟುಗಳನ್ನು ತಂದೆ. ಭುಜದ ಮೇಲೆ ಜರಿಯ ಗೊಂಡೆ, ಎದೆಯ ಮೇಲೆ ಹಿತ್ತಾಳೆ ಗುಂಡಿ. ಸೇನಾಪತಿಗಳು ಥಳಥಳ ಹೊಳೆದರು. ಗಣಿಯವರಿಗೆ ಕುತ್ತಿಗೆಯಿಂದ ತೂಗುವ ಹೊದಿಕೆ ಬೇಕಿತ್ತು. ಆಪರೇಟರನ ಕರಿಯ ಕಂಬಳಿಯ ನಡುವೆ ತಲೆ ತೂರುವಷ್ಟು ಕತ್ತರಿಸೋಣ ಎಂದೆ.

"ಕಂಬಳಿಗೆ ಕತ್ತರಿ ಹಚ್ಚಬ್ಯಾಡ್ರಿ ಮಾಸ್ತರ, ಪಾಪ ಬರತೈತಿ," ಎಂದ. "ಎರಡ ಕಂಬಳಿ ಅಂಚಿಗಂಚು ಹೊಲಸೂಣು, ನಡುವ ತಲಿ ಹೋಗೋವಷ್ಟ ಬಿಡೂಣು. ನಮ್ಮಕ್ಕ ಹೊಲದ ಕೊಡತಾಳ."

ಹೀಗೆ ಅಕ್ಕ ಬಂದಳು. ಮುಂದಿನ ಭಾನುವಾರ ಹೊಲಿದ ಕಂಬಳಿ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಮೂವತ್ತರ ಒಳಗಿನ ಹೆಂಗಸು, ತಲೆಯ ಮೇಲಿನ ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ಅವಳ ಗಂಡ ಥಾಣೆಯ ಒಂದು ಕಾರ್ಖಾನೆಯಲ್ಲಿ ಯೂನಿಯನ್ನಿನವನು. ಆ ಬೇಸಿಗೆ ಕಳೆದ ಮೇಲೆ ಪೊಲೀಸರು ಅವನನ್ನು ಮೀಸಾದಡಿ, ವಿಚಾರಣೆಯಿಲ್ಲದೆ ಒಳಗಿಡುವ ಆ ಕಾಯ್ದೆಯಡಿ, ಒಯ್ದಿದ್ದರು. ವರ್ತಕ ನಗರದ ಖೋಲಿಗೆ ಬೀಗ ಹಾಕಿ ಅವಳು ಡೊಂಬಿವಲಿಗೆ ತಮ್ಮನ ಮನೆಗೆ ಬಂದಿದ್ದಳು. ಚಾಳಿನಲ್ಲಿ ಯಾರಾದರೂ ಕೇಳಿದರೆ ಗಂಡ ಊರಿಗೆ ಹೋಗಿದ್ದಾನೆ ಎನ್ನುತ್ತಿದ್ದಳು.

ಇದೆಲ್ಲ ಅವಳ ತಮ್ಮ ಹೇಳಿದ್ದು. ಅವಳನ್ನು ನಾನು ಕೇಳಿದ್ದು ಒಂದೇ ಮಾತು. "ಯವ್ವಾ, ಏನ್ ಕೇಸ್ ಹಾಕ್ಯಾರ?"

"ಅದನ್ನ ಕೇಳಾಕ ಹೋಗಿದ್ನಿರಿ. ಕೇಸಿಲ್ಲ ಅಂದ್ರು. ಕೇಸಿಲ್ಲಂದ್ರ ಬಿಡ್ರಿ ಅಂದೆ. ಕೇಸಿದ್ರ ಕೋರ್ಟ್ ಬಿಡತೈತಿ, ಇಲ್ಲದ ಕೇಸಿಗೆ ಯಾರ್ ಬಿಡಬೇಕು ಅಂದ್ರು. ನಕ್ಕರ್ರಿ."

ನನ್ನ ಕೈಯಲ್ಲಿ ಪೆನ್ಸಿಲ್ ಇತ್ತು. ಅವಳ ಮಾತನ್ನು ಅಲ್ಲೇ, ಹಾಗೆಯೇ, ಸೆರೆಮನೆಯ ದೃಶ್ಯದಲ್ಲಿ ಬರೆದುಕೊಂಡೆ. ನಾನು ವಾರಗಟ್ಟಲೆ ಕೂತು ತಿದ್ದಿದ ಭಾಷಣ ಅದರ ಮುಂದೆ ಸಪ್ಪೆಯಾಗಿತ್ತು. ಓದಿ ಹೇಳಿದೆ. ಅವಳು ತಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಇದನ್ನ ಖರೇನ ಹೇಳತೀರೇನ್ರಿ? ಎಲ್ಲಾ ಮಂದಿ ಮುಂದ?"

"ಹೇಳತೀವಿ."

"ಹಂಗಾರ ನಾ ಬರತೀನ್ರಿ. ಅವರನ್ನ ಒಯ್ದ ಮ್ಯಾಲ ನಾ ಎಲ್ಲೂ ಮಂದ್ಯಾಗ ಹೋಗಿಲ್ಲ. ಇದಕ್ಕ ಬರತೀನಿ."

ಅಲ್ಲಿಂದ ಮುಂದೆ ನನಗೆ ಆ ಒಂದು ದೃಶ್ಯ ಉಳಿಸುವುದೇ ಕೆಲಸವಾಯಿತು. ಪತ್ರಿಕೆಯಲ್ಲಿ ಬರುವಂತಿಲ್ಲ, ಸಭೆಯಲ್ಲಿ ಆಡುವಂತಿಲ್ಲ, ಚಾಳಿನ ನಲ್ಲಿಯ ಹತ್ತಿರ ಪಿಸುಗುಟ್ಟುವಂತಿಲ್ಲ ಎಂಬ ಮಾತು. ಅದನ್ನು ಇನ್ನೂರು ಮುನ್ನೂರು ಜನರ ಮುಂದೆ ಒಬ್ಬ ಗಟ್ಟಿಯಾಗಿ ಆಡುತ್ತಾನೆ, ಅವಳು ಕೂತು ಕೇಳುತ್ತಾಳೆ. ನಾಟಕದವನ ಜನ್ಮಕ್ಕೆ ಇನ್ನೇನು ಬೇಕು ಎಂದು ನಾನು ಒಳಗೊಳಗೇ ಬೀಗಿದ್ದೆ. ಬೀಗಿದ್ದನ್ನು ನೆನೆದರೆ ಈಗ ನನಗೆ ಹೇಸಿಗೆಯಾಗುತ್ತದೆ.

ಆಟಕ್ಕೆ ಮೊದಲು ನಾಟಕದ ಪ್ರತಿಗೆ ಸರಕಾರದ ಮುದ್ರೆ ಬೀಳಬೇಕು. ಪ್ರತಿ ಹಿಡಿದು ಹೋದೆ. ಮೇಜಿನ ಹಿಂದಿದ್ದವರಿಗೆ ಕನ್ನಡ ಬಾರದು, ನನ್ನಿಂದಲೇ ಕಥೆ ಹೇಳಿಸಿದರು.

"ಯೇ ಸೌತ್ ಅಮೇರಿಕಾ ಕಿಧರ್ ಆಯಾ?"

"ಬಹುತ್ ದೂರ್ ಸಾಬ್."

"ಅಪನೇ ಇಧರ್ ಕಾ ಕುಛ್ ನಹೀ ನಾ?"

"ಕುಛ್ ನಹೀ ಸಾಬ್. ಹುವಾ ಭೀ ನಹೀ."

ಮುದ್ರೆ ಬಿತ್ತು. ನಡೆಯದೇ ಇದ್ದದ್ದರ ಮೇಲೆ ಸರಕಾರಕ್ಕೂ ತಕರಾರಿಲ್ಲ ಎಂದು ಬರುವಾಗ ಟ್ರೇನಿನಲ್ಲಿ ಒಬ್ಬನೇ ನಕ್ಕೆ.

ತಕರಾರು ಬಂದದ್ದು ನಮ್ಮವರಿಂದಲೇ. ಆಟಕ್ಕೆ ಎರಡು ಮೂರು ವಾರವಿದೆ ಎನ್ನುವಾಗ ಹೋಟೆಲ್ ಯಜಮಾನರು ತಾಲೀಮು ನೋಡಲು ಬಂದರು. ಸೆರೆಮನೆಯ ದೃಶ್ಯ ಮುಗಿಯುವಾಗ ಅವರ ಮುಖ ಬಾಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವರು ಎದ್ದು ಮೊದಲು ಕಿಟಕಿ ಹಾಕಿದರು.

"ಮಾಸ್ಟ್ರೆ, ಇದು ಆಗುದಿಲ್ಲ. ಕೊನೆ ಸೀನು ತೆಗೀರಿ."

"ಮುದ್ರೆ ಬಿದ್ದಾಗೈತ್ರಿ ಯಜಮಾನ್ರ."

"ಮುದ್ರೆ ಹಾಕಿದವರು ನೋಡ್ಲಿಕ್ಕೆ ಬರುದಿಲ್ಲ. ನೋಡ್ಲಿಕ್ಕೆ ಬಂದವರು ಸುಮ್ಮನೆ ಇರುದಿಲ್ಲ. ನಂಗೆ ಹೋಟ್ಲು ಉಂಟು, ಮಕ್ಕಳಿದ್ದಾರೆ."

ಅವರು ಹೇಳಿದ್ದು ಸುಳ್ಳಲ್ಲ. ನಾನೂ ಹಠ ಬಿಡಲಿಲ್ಲ. ಆ ದೃಶ್ಯ ಇಲ್ಲದಿದ್ದರೆ ನಾಟಕವೇ ಇಲ್ಲ, ಬೇರೆ ಮಾಸ್ತರನನ್ನು ನೋಡಿಕೊಳ್ಳಿ ಎಂದೆ. ಆಪರೇಟರ್ ಗೋಡೆಗೆ ಆತು ನಿಂತು ಕೇಳುತ್ತಿದ್ದ. ಮಾತಿಗೆ ಮಾತು ಬೆಳೆದು, ಚಹಾ ಬಂದು, ಚಹಾ ಆರಿ, ಕೊನೆಗೆ ಯಜಮಾನರು ಒಂದು ದಾರಿ ಹೇಳಿದರು.

"ಹಾಗಾದ್ರೆ ಆ ಅಧ್ಯಕ್ಷನಿಗೂ ಒಂದು ಒಳ್ಳೆ ಮಾತು ಕೊಡಿ. ಅವನ ಕಡೆಯದ್ದೂ ಜನ ಕೇಳ್ಲಿ. ಒಂದೇ ಬದಿ ಆಗ್ಬಾರ್ದು. ಕೇಳಿದವರಿಗೆ ನಾನು ಹೇಳಬಹುದು, ನೋಡಿ, ಎರಡೂ ಉಂಟು ಅಂತ."

ನಾನು ಆಪರೇಟರನ ಕಡೆ ನೋಡಿದೆ. ಅವನು, "ಕೊಡ್ರಿ ಮಾಸ್ತರ, ಜೇಲಿನ ಮಾತು ಉಳೀತಲ್ಲ, ಅಷ್ಟ ಸಾಕು," ಎಂದ. ನಾನು ಒಪ್ಪಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಸಮಾಧಾನಪಟ್ಟೆ. ಮನೆಗೆ ಹೋಗುವಾಗಲೇ ಒಂದು ಕುಹಕವೂ ಹೊಳೆಯಿತು. ರಾಷ್ಟ್ರಾಧ್ಯಕ್ಷನಿಗೆ ಒಳ್ಳೆಯ ಮಾತು ತಾನೇ ಬೇಕು? ಎಷ್ಟು ಒಳ್ಳೆಯದೆಂದರೆ ಜನ ಹೊಟ್ಟೆ ಹಿಡಿದು ನಗಬೇಕು. ಅಷ್ಟು ಜಂಬದ, ಅಷ್ಟು ಪೊಳ್ಳು ಮಾತು ಬರೆಯುತ್ತೇನೆ. ಆ ನಗುವಿನ ಬೆನ್ನಿಗೇ ಸೆರೆಮನೆಯ ಮಾತು ಬಂದರೆ ಎದೆಗೆ ಗುದ್ದಿದ ಹಾಗಾಗುತ್ತದೆ.

ನಾನು ಬರೆದದ್ದು ಇಷ್ಟು: "ಸಭೆ ಮುಚ್ಚಿದೆ, ಗದ್ದಲ ನಿಂತಿತು. ಬಾಯಾಳಿಗಳನ್ನು ಒಳಗೆ ಹಾಕಿದೆ, ಬೀದಿ ಚೊಕ್ಕವಾಯಿತು. ಮೊದಲು ಬೆಟ್ಟದಿಂದ ಬೆಳ್ಳಿ ಹೊತ್ತ ಹೇಸರಗತ್ತೆ ಬಂದರಿಗೆ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಈಗ ನೀವೇ ಹೇಳಿ, ಪ್ರಜೆಗಳೇ! ನಿಮ್ಮ ಹೇಸರಗತ್ತೆ ಹೊತ್ತಿಗೆ ಸರಿಯಾಗಿ ಬರುತ್ತಿದೆಯೋ ಇಲ್ಲವೋ?"

ಕಂಪನಿಯಲ್ಲಿ ಇದಕ್ಕೆ ಚಪ್ಪಾಳೆ ಮಾತು ಎನ್ನುತ್ತಿದ್ದೆವು. ಎರಡು ಸಣ್ಣ ಮೆಟ್ಟಿಲು, ಒಂದು ಉದ್ದ ಮೆಟ್ಟಿಲು, ಆಮೇಲೆ ಪ್ರೇಕ್ಷಕರ ಕಡೆ ಒಂದು ಪ್ರಶ್ನೆ, ಪ್ರಶ್ನೆಯ ನಂತರ ನಟ ಎದೆಯುಬ್ಬಿಸಿ ಕಣ್ಣು ಮಿಟುಕಿಸದೆ ನಿಲ್ಲಬೇಕು. ಹಾಗೆ ನಿಂತ ನಟನಿಗೆ ಚಪ್ಪಾಳೆ ಬೀಳದೆ ಇರುವುದಿಲ್ಲ. ನಮ್ಮ ಕಡೆಯ ಜಾತ್ರೆ ಕ್ಯಾಂಪುಗಳಲ್ಲಿ ಕಂಸನಿಗೂ ಬೀಳುತ್ತಿತ್ತು. ನಗೆಗೆಂದು ಬರೆಯಹೋದವನು ಕೈ ರೂಢಿಯಿಂದ ಚಪ್ಪಾಳೆಗೆ ಬರೆದಿದ್ದೆ. ಬರೆಯುವಾಗ ಅದು ಹೊಳೆಯಲಿಲ್ಲ.

ಬ್ಯಾಂಕ್ ಗುಮಾಸ್ತರಿಗೆ ಬಾಯಿಪಾಠ ಎಂದರೆ ಜ್ವರ. ಉಳಿದ ಮಾತಿಗೆಲ್ಲ ಪ್ರತಿ ಸಾಲಿಗೂ ನನ್ನ ಬಾಯಿ ನೋಡುತ್ತಿದ್ದರು. ಆದರೆ ಈ ಮಾತು ಒಂದೇ ವಾರದಲ್ಲಿ ಬಂತು.

"ಟ್ರೇನಲ್ಲೇ ಕಲಿತದ್ದು ಮಾಸ್ಟ್ರೆ. ನಮ್ಮ ಡಬ್ಬಿಯವರಿಗೆಲ್ಲ ಹೇಳಿ ತೋರಿಸಿದೆ, ಹಿಂದಿಯಲ್ಲಿ ಅರ್ಥ ಮಾಡಿ. ಏನು ಖುಷಿ ಅವರಿಗೆ!"

"ನಕ್ಕರೇನ್ರಿ?"

"ನಕ್ಕರು ಸಹ."

ಆ "ಸಹ" ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಕಿವಿ ಇದ್ದೂ ಕಿವುಡನಾಗಿದ್ದೆ. ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ನಿಂತವನಿಗೆ ರೈಲಿಗಿಂತ ದೊಡ್ಡ ದೇವರಿಲ್ಲ. ಅಲ್ಲಿಯ ಜನ ಅರ್ಧ ಆಯುಷ್ಯ ಕಳೆಯುವುದು ಇಂಡಿಕೇಟರ್ ನೋಡುತ್ತಾ. ತುರ್ತು ಪರಿಸ್ಥಿತಿಯ ಭಯಕ್ಕೆ ಆ ಚಳಿಗಾಲ ಲೋಕಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ನಾನೂ ಅದೇ ಲೋಕಲುಗಳಲ್ಲಿ ಓಡಾಡುತ್ತಿದ್ದೆ, ಬೇಗ ಮನೆ ಸೇರುತ್ತಿದ್ದೆ. ಹೇಸರಗತ್ತೆ ಅಂದರೆ ಯಾವುದು ಎಂದು ಜನಕ್ಕೆ ತಿಳಿಯಲಿ ಎಂದೇ ಬರೆದವನು, ತಿಳಿದ ಮೇಲೆ ಅವರು ಏನು ಮಾಡಿಯಾರು ಎಂದು ಮಾತ್ರ ಯೋಚಿಸಲಿಲ್ಲ.

ಆಟ ಭಾನುವಾರ ಮಧ್ಯಾಹ್ನ. ಅಂಬರನಾಥದಿಂದ, ಮುಂಬ್ರಾದಿಂದ, ಥಾಣೆಯಿಂದಲೂ ಜನ ಬಂದು ಸಭಾಗೃಹ ತುಂಬಿತ್ತು. ಹೆಂಗಸರಿಗೆ ಎಡಗಡೆಯ ಸಾಲುಗಳು. ಪರದೆಯ ಸಂದಿಯಿಂದ ನೋಡಿದೆ. ಆಪರೇಟರನ ಅಕ್ಕ ನಡುವಿನ ಸಾಲಿನಲ್ಲಿ, ಸಂಘದ ಹೆಂಗಸರ ಮಧ್ಯೆ ಕೂತಿದ್ದಳು. ತಲೆಗೆ ಹೂವು ಮುಡಿದಿದ್ದಳು.

ಮೊದಲ ಅಂಕ ಚೆನ್ನಾಗಿ ಹೋಯಿತು. ಬೆಟ್ಟ ದಾಟುವಾಗ ಒಂದು ಬೆಂಚು ಜಾರಿ ಇಬ್ಬರು ಸೈನಿಕರು ಬಿದ್ದರು, ಜನ ಅದನ್ನೂ ಯುದ್ಧ ಎಂದುಕೊಂಡರು. ಬಂದರಿನವರೂ ಗಣಿಯವರೂ ಕೈಕೈ ಹಿಡಿದು ಗಣರಾಜ್ಯ ಘೋಷಿಸಿದಾಗ ಕರಾವಳಿಯವರೂ ಬಯಲುಸೀಮೆಯವರೂ ಒಟ್ಟಿಗೆ ಚಪ್ಪಾಳೆ ಹೊಡೆದರು. ನನ್ನ ಎದೆ ತುಂಬಿಬಂತು.

ಆಮೇಲೆ ಬ್ಯಾಂಕ್ ಗುಮಾಸ್ತರು ಕೆಂಪು ಕೋಟಿನಲ್ಲಿ ಮುಂದೆ ಬಂದರು. ಸಭೆ ಮುಚ್ಚಿದೆ, ಗದ್ದಲ ನಿಂತಿತು. ಕೆಳಗೆ ಯಾರೂ ನಗಲಿಲ್ಲ. ಬಾಯಾಳಿಗಳನ್ನು ಒಳಗೆ ಹಾಕಿದೆ, ಬೀದಿ ಚೊಕ್ಕವಾಯಿತು. ಮುಂದಿನ ಸಾಲಿನಲ್ಲಿ ಕೆಲವು ತಲೆಗಳು ಆಡಿದವು. ಹೇಸರಗತ್ತೆಯ ಪ್ರಶ್ನೆ ಕೇಳಿ ಅವರು ಎದೆಯುಬ್ಬಿಸಿ ನಿಂತರು. ಈಗ ನಗು, ಈಗ ನಗು ಎಂದು ನಾನು ಕಾದೆ.

ಚಪ್ಪಾಳೆ ಬಿತ್ತು. ಮಳೆ ಸುರಿದ ಹಾಗೆ, ತಗಡಿನ ಮಾಡಿನ ಮೇಲೆ. "ಬರ್ತದೆ, ಬರ್ತದೆ!" ಎಂದು ಒಬ್ಬ ಕೂಗಿದ. "ಟೈಮ್ ಪರ್ ಬರ್ತದೆ!" ಎಂದ ಇನ್ನೊಬ್ಬ. ಅದು ಕುಹಕವಾಗಿರಲಿಲ್ಲ. ನನ್ನ ಕಿವಿಗೆ ಇಪ್ಪತ್ತು ವರ್ಷದ ಅನುಭವ ಇತ್ತು. ಮನಸ್ಸಿನಿಂದ ಬಂದ ಚಪ್ಪಾಳೆ ನನಗೆ ತಿಳಿಯುತ್ತದೆ. ಮನೆ, ಆಫೀಸು, ರೈಲು ಎಂದು ಬದುಕುವ ಒಳ್ಳೆಯ ಜನ, ಮನಸಾರೆ ಹೊಡೆಯುತ್ತಿದ್ದರು. ಅದರ ಮೇಲೆ ಯಾರೋ ಹಿಂದಿನಿಂದ ಕೂಗಿದರು: "ವನ್ಸ್‌ಮೋರ್!" ಇಡೀ ಸಭಾಗೃಹ ಹಿಡಿದುಕೊಂಡಿತು. "ವನ್ಸ್‌ಮೋರ್! ವನ್ಸ್‌ಮೋರ್!"

ಕಂಪನಿ ನಾಟಕದಲ್ಲಿ ಅದು ದೇವರ ಅಪ್ಪಣೆ ಇದ್ದ ಹಾಗೆ. ವನ್ಸ್‌ಮೋರ್ ಬಿದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕು. ಕೊಡಬೇಕೋ ಬಿಡಬೇಕೋ ಎಂದು ಹೇಳುವವನು ಪ್ರಾಂಪ್ಟರ್. ಅವನು ಮುಂದಿನ ಮಾತು ಎತ್ತಿದರೆ ನಾಟಕ ಮುಂದಕ್ಕೆ ಹೋಗುತ್ತದೆ, ಅದೇ ಮಾತು ಎತ್ತಿದರೆ ಹಿಂದಕ್ಕೆ. ಗುಮಾಸ್ತರು ನನ್ನ ಕಡೆ ತಿರುಗಿದರು. ಬೆವರಿದ ಮುಖ, ಮದುವೆ ಗಂಡಿನ ಹಾಗೆ ಹಿಗ್ಗಿತ್ತು. ಪರದೆಯ ಆಚೆ ಮಗ್ಗುಲಲ್ಲಿ ಕಂಬಳಿ ಹೊದ್ದ ಆಪರೇಟರ್ ಬೇಡ ಎಂದು ತಲೆಯಾಡಿಸುತ್ತಿದ್ದ.

ನನ್ನ ಬಾಯಿ ತಾನಾಗಿ ತೆರೆಯಿತು. "ಸಭೆ ಮುಚ್ಚಿದೆ..." ಎಂದು ಪಿಸುಗುಟ್ಟಿದೆ.

ಅವರು ಎರಡನೆಯ ಸಲ ಇನ್ನೂ ಚೆನ್ನಾಗಿ ಹೇಳಿದರು. ಎರಡನೆಯ ಚಪ್ಪಾಳೆ ಮೊದಲಿನದಕ್ಕಿಂತ ದೊಡ್ಡದಾಗಿತ್ತು.

ಸೆರೆಮನೆಯ ದೃಶ್ಯ ಬಂತು. ಆಪರೇಟರ್ ಕಂಬಿ ಹಿಡಿದು ನಿಂತ. ಅವನ ಅಕ್ಕನ ಮಾತನ್ನು ಒಂದು ಅಕ್ಷರ ಬಿಡದೆ ಆಡಿದ. ಕೇಸಿಲ್ಲಂದ್ರ ಬಿಡ್ರಿ ಅಂದೆ, ಇಲ್ಲದ ಕೇಸಿಗೆ ಯಾರ್ ಬಿಡಬೇಕು ಅಂದ್ರು. ನನ್ನ ಸಹಾಯ ಅವನಿಗೆ ಬೇಕಾಗಲಿಲ್ಲ. ಅವನು ನನ್ನ ಕಡೆ ನೋಡಲೇ ಇಲ್ಲ. ಸಭಾಗೃಹದಲ್ಲಿ ಯಾರೋ ಕೆಮ್ಮಿದರು, ಒಂದು ಮಗು ಅತ್ತಿತು, ಕೆಲವರು ಮುಂದಿನ ಲೋಕಲಿಗೆಂದು ಎದ್ದರು. ಹಿಂದಿನ ಸಾಲಿನಲ್ಲಿ ಅವನ ಕಾರ್ಖಾನೆಯ ಮೂರು ನಾಲ್ಕು ಜನ ಚಪ್ಪಾಳೆ ಹೊಡೆದರು. ಮುಂದಿನವರು ತಿರುಗಿ ನೋಡಿದ ತಕ್ಷಣ ಆ ಕೈಗಳು ನಿಂತವು.

ಪರದೆ ಬಿದ್ದ ಮೇಲೆ ಯಜಮಾನರು ಓಡಿ ಬಂದು ನನ್ನ ಕೈ ಹಿಡಿದರು. "ನಾನು ಹೇಳ್ಲಿಲ್ವಾ ಮಾಸ್ಟ್ರೆ! ಒಂದು ಒಳ್ಳೆ ಮಾತು ಬೇಕು ಅಂತ!" ಅವರ ಮೇಲೆ ಸಿಟ್ಟು ಮಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಮಾತು ಬರೆದವನು ನಾನು.

ಬಣ್ಣದ ಕೋಣೆಯ ಹಿಂಬಾಗಿಲಲ್ಲಿ ಅಕ್ಕ ತಮ್ಮನಿಗಾಗಿ ಕಾಯುತ್ತಿದ್ದಳು. ಅವನು ಒಳಗೆ ಬಣ್ಣ ಒರೆಸಿಕೊಳ್ಳುತ್ತಿದ್ದ. ಅವಳ ಕಣ್ಣು ತಪ್ಪಿಸಿ ಹೋಗಲು ಬೇರೆ ಬಾಗಿಲಿರಲಿಲ್ಲ. ಎದುರು ನಿಂತೆ.

"ತಮ್ಮ ಚಲೋ ಹೇಳಿದ, ಯವ್ವಾ," ಎಂದೆ.

"ಹೂಂನ್ರಿ. ಛಲೋ ಹೇಳಿದ." ಆಮೇಲೆ ನೆಲ ನೋಡುತ್ತಲೇ ಹೇಳಿದಳು. "ಆ ಹೇಸರಗತ್ತಿ ಮಾತಿಗೆ, ಮೊದಲನೇ ಸಲ ನಾ ಕೈ ಎತ್ತಲಿಲ್ರಿ. ಬಾಜೂದಾಕಿ ನನ್ನ ಕೈ ನೋಡಿದ್ಲು. ಆಮ್ಯಾಗ ನನ್ನ ಮಾರಿ ನೋಡಿದ್ಲು. ನಮ್ಮ ಚಾಳಿನಾಕಿನ ಆಕಿ. ನಿಮ್ಮವರು ಊರಿಂದ ಇನ್ನೂ ಬರಲಿಲ್ಲೇನು ಅಂತ ದಿನಾ ಕೇಳತಾಳ."

ನಾನು ಕೈಯಲ್ಲಿದ್ದ ನಾಟಕದ ಪ್ರತಿಯನ್ನು ಸುರುಳಿ ಸುತ್ತಿದೆ.

"ಎರಡನೇ ಸಲ ನಾನೂ ಹೊಡದೆ, ಮಾಸ್ತರ. ಎಲ್ಲಾರಕಿಂತ ಜೋರ ಹೊಡದೆ." ಸೆರಗಿನ ತುದಿಯಿಂದ ಅಂಗೈ ಒರೆಸಿಕೊಂಡಳು. "ಅವರು ಬಂದ ಮ್ಯಾಲ ಇದನ್ನ ಹೇಳಬ್ಯಾಡ್ರಿ. ತಮ್ಮಗೂ ಹೇಳಬ್ಯಾಡ್ರಿ."

ಆಕೆಯ ಕಾಲು ಮುಟ್ಟಬೇಕು ಅನ್ನಿಸಿತು. ಮುಟ್ಟಿದ್ದರೆ ಅದೂ ನಾಟಕವೇ ಆಗುತ್ತಿತ್ತು. ಹೇಳುವುದಿಲ್ಲ ಎಂದೆ. ಅಷ್ಟರಲ್ಲಿ ತಮ್ಮ ಹೊರಗೆ ಬಂದ. ನನ್ನ ಜೊತೆ ಮಾತಾಡದೆ ಅವಳನ್ನು ಕರೆದುಕೊಂಡು ಹೋದ. ಮುಂದೆಯೂ ಅವನು ನನ್ನ ಯಾವ ತಾಲೀಮಿಗೂ ಬರಲಿಲ್ಲ.

ತುರ್ತು ಪರಿಸ್ಥಿತಿ ಕಳೆದು, ಒಳಗಿದ್ದವರು ಹೊರಗೆ ಬಂದ ಮೇಲೆ ಒಂದು ಸಂಜೆ ನಾನು ಥಾಣೆಯಲ್ಲಿ ಒಂದು ಕ್ಯಾಂಟೀನು ತಂಡಕ್ಕೆ ನಾಟಕ ಕಲಿಸುತ್ತಿದ್ದೆ. ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತು ತಾಲೀಮು ಮುಗಿಯುವ ತನಕ ಕಾದ. ತೆಳ್ಳಗಿದ್ದ, ಅಂಗಿ ದೊಡ್ಡದಾಗಿತ್ತು. ಆಪರೇಟರನ ಅಕ್ಕನ ಗಂಡ ಎಂದು ತಾನೇ ಪರಿಚಯ ಹೇಳಿದ. ಒಳಗೆ ಕರೆದು ಕೂರಿಸಿದೆ.

"ನಿಮ್ಮನ್ನ ನೋಡಬೇಕಂತ ಬಂದ್ನಿರಿ," ಎಂದ. "ನಾ ಒಳಗಿದ್ದಾಗ ನೀವು ನಾಟಕ ಮಾಡಿಸಿದ್ರಂತಲ್ಲ. ಕೇಸಿಲ್ಲದ ಜೇಲಿನ ಮಾತು. ನಮ್ಮಾಕಿ ಭೇಟಿಗೆ ಬಂದಾಗ ಹೇಳಿದ್ಲು, ಆ ಮಾತಿಗೆ ಮಂದಿ ಎದ್ದ ನಿಂತು ಚಪ್ಪಾಳಿ ಹೊಡದ್ರಂತ. ವನ್ಸ್‌ಮೋರ್ ಬಿತ್ತಂತ."

ನಾನು ಅವನ ಮುಖ ನೋಡಿದೆ.

"ಒಳಗ ನಾವು ಹತ್ತ ಹನ್ನೆರಡ ಮಂದಿ ಇದ್ವಿರಿ. ಎಲ್ಲಾರಿಗೂ ಹೇಳಿದ್ನಿ. ಅವತ್ತ ರಾತ್ರಿ ಎಲ್ಲಾರೂ ನಿದ್ದಿ ಮಾಡಿದ್ರು." ಸ್ವಲ್ಪ ಬಾಗಿ, ಕೇಳಲೋ ಬೇಡವೋ ಎಂಬಂತೆ ದನಿ ತಗ್ಗಿಸಿದ. "ಹೇಣ್ತಿ ಮಾತು ನೋಡ್ರಿ, ಧೈರ್ಯಕ್ಕ ಹೇಳಿರಬೇಕೇನು ಅಂತ ಒಂದೊಂದ ಸಲ ಅನಸ್ತಿತ್ತು. ಅದಕ್ಕ ನಿಮ್ಮನ್ನ ಕೇಳಾಕ ಬಂದೆ. ಖರೇನ ಬಿತ್ತೇನ್ರಿ, ವನ್ಸ್‌ಮೋರ್?"

"ಬಿತ್ತು," ಎಂದೆ.

"ಎರಡನೇ ಸಲಾನೂ ಹೊಡದ್ರೇನ್ರಿ ಚಪ್ಪಾಳಿ?"

"ಎರಡನೇ ಸಲ ಇನ್ನೂ ಜೋರ ಹೊಡದ್ರು."

ಅವನು ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದ. ನಾನು ತಿರುಗಿ ಮಾಡಿದೆ.